ಗೋದಾಮಿಗೆ ಬೀಗ ಉಂಟು, ಅಂಗಳಕ್ಕೆ ಯಜಮಾನನಿಲ್ಲ

ರಾಗಿ ಖರೀದಿಯ ಕಾಲ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಸ್ಸು ಪ್ರಯಾಣಿಕರಿಗೆ ಹೊತ್ತಿನ ಲೆಕ್ಕ ತಪ್ಪುತ್ತದೆ. ಗೋದಾಮಿನ ಮುಂದೆ ಲಾರಿ, ಟ್ರ್ಯಾಕ್ಟರು ರಸ್ತೆಗೆ ಬಂದು ನಿಂತರೆ ಬಸ್ಸು ಹೋಗುವುದೆಲ್ಲಿಂದ? ಕಂಡಕ್ಟರು ಇಳಿದು ಸೀಟಿ ಊದುತ್ತಾನೆ. ಲಾರಿಯವನು "ನಾನೇನ್ ಮಾಡ್ಲಿ ಸ್ವಾಮಿ, ಒಳಗೇ ಬಿಡ್ತಿಲ್ಲ" ಅಂತಾನೆ. ಇಣುಕಿ ನೋಡಿದರೆ ಅಡ್ಡಾದಿಡ್ಡಿ ನಿಂತ ನಾಲ್ಕು ಗಾಡಿ ಬಿಟ್ಟರೆ ಅರ್ಧ ಅಂಗಳ ಖಾಲಿ!

ಜಾಗ ಸಾಲದು ಎಂಬುದು ಸಿದ್ಧ ಉತ್ತರ. ಇದ್ದೀತು. ಆದರೆ ಇರುವ ಜಾಗವನ್ನು ನೋಡಿಕೊಳ್ಳುವ ಮನುಷ್ಯನೇ ಇಲ್ಲ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಒಳಗಿನ ಮಾಲಿಗೆ ವ್ಯವಸ್ಥಾಪಕರುಂಟು, ಗುಮಾಸ್ತರುಂಟು, ಬೀಗ ಮುದ್ರೆ ಎಲ್ಲ ಉಂಟು. ಗೇಟಿನಿಂದ ಬಾಗಿಲವರೆಗಿನ ನೆಲ ಮಾತ್ರ ವಾಚ್‌ಮನ್ ಪಾಲು. ರಾತ್ರಿ ಕಾದವನೇ ಹಗಲು ಲಾರಿ ನಂಬರು ಬರೆಯಬೇಕು, ಸಾಹೇಬರಿಗೆ ಟೀ ತರಬೇಕು, ಯಾವ ಗಾಡಿ ಮುಂದು ಯಾವುದು ಹಿಂದು ಅಂತಲೂ ಹೇಳಬೇಕು. ಅವನ ಮಾತು ಯಾವ ಡ್ರೈವರು ಕೇಳುತ್ತಾನೆ?

ಸ್ವಲ್ಪ ಲೆಕ್ಕ ಹಾಕಿ ನೋಡಿ. 50 ಕೆಜಿಯ 200 ಚೀಲ ಏರಿದರೆ ಹತ್ತು ಟನ್. 2025–26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಂದರೆ ಬಿಸಿಲಲ್ಲಿ ನಿಂತ ಒಂದೊಂದು ಲಾರಿಯಲ್ಲೂ 4 ಲಕ್ಷ 88 ಸಾವಿರ ರೂಪಾಯಿ ಮಾಲು. ಒಂದು ಲಾರಿ ಇಳಿಸಲು ಹಮಾಲರ ತಂಡಕ್ಕೆ ಒಂದೂವರೆ ಗಂಟೆ ಹಿಡಿದರೆ, ಬೆಳಿಗ್ಗೆ 9ರಿಂದ ಸಂಜೆ 6ರ ತನಕ ಊಟದ ಹೊತ್ತು ಕಳೆದು ಐದು ಲಾರಿ ಮುಗಿದಾವು. ಆರನೆಯವನಿಗೆ ಬೆಳಿಗ್ಗೆಯೇ "ನಾಳೆ ಬಾರಪ್ಪ, ನಿಂದೇ ಮೊದಲು" ಅಂತ ಚೀಟಿ ಕೊಟ್ಟು ಕಳಿಸಬಹುದಲ್ಲ? ಆ ಚೀಟಿ ಕೊಡುವ ಕೈ ಇಲ್ಲದೆ ಹದಿನೈದು ಲಾರಿ ಕಾಯುತ್ತವೆ. ಕಾದ ದಿನದ ಬಾಡಿಗೆ ರೈತನ ತಲೆಗೆ. ಅಂಗಡಿ ಮಾಲಾದರೆ ಸಾಹುಕಾರರ ತಲೆಗೆ, ಅಲ್ಲಿಂದ ಗಿರಾಕಿಯ ತಲೆಗೆ. ಸರದಿ ಇಲ್ಲದ ಕಡೆ ಟೀ ಕಾಸಿನ ಸರದಿ ತಾನಾಗಿ ಹುಟ್ಟುತ್ತದೆ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಸಿಗಿಂತ ದೊಡ್ಡದು ಜೀವ. ಲಾರಿ ಹಿಂದಕ್ಕೆ ಬರುವಾಗ ಕ್ಲೀನರು "ಬರ್ಲಿ, ಬರ್ಲಿ, ಹೋಲ್ಡಾನ್!" ಅಂತ ಕೂಗುವ ಕೂಗೇ ಅಲ್ಲಿನ ರಕ್ಷಣೆ. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರೇ ಇಲ್ಲ. ಡ್ರೈವರಿಗೆ ಹಿಂಬದಿ ಕಾಣದು. ಚೀಲ ಹೊತ್ತು ಬಗ್ಗಿದ ಹಮಾಲನಿಗೆ ನೆಲ ಬಿಟ್ಟು ಬೇರೇನೂ ಕಾಣದು. ಇಬ್ಬರಿಗೂ ಕಾಣದ ಜಾಗದಲ್ಲೇ ಚೆಲ್ಲಿದ ಕಾಳು ಗುಡಿಸಲು ಹೆಂಗಸರು ಕೂತಿರುತ್ತಾರೆ.

ದೊಡ್ಡ ಕಂಪನಿಗಳ ಉಗ್ರಾಣಗಳಲ್ಲಿ ಲಾರಿ ಅಂಗಳಕ್ಕೆಂದೇ ಮ್ಯಾನೇಜರನ್ನು ಇಡುವುದು ರೂಢಿ. ಹೆದ್ದಾರಿ ಬದಿಯ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರ್ 24ರಂದು ಫುಡ್ ಪಾರ್ಕನ್ನು ಪ್ರಧಾನಿಯೇ ಬಂದು ಉದ್ಘಾಟಿಸಿದ ಜಿಲ್ಲೆ ಇದು. ತಾಲ್ಲೂಕು ಗೋದಾಮಿಗೆ ಮಾತ್ರ ಒಬ್ಬ ಆಳು ದುಬಾರಿಯೇ?

"ರಾಗಿ ಖರೀದಿ ಜನವರಿಯಿಂದ ಮಾರ್ಚ್, ಮೂರು ತಿಂಗಳ ಕೆಲಸಕ್ಕೆ ವರ್ಷದ ಸಂಬಳವೇ?" ಎಂಬ ಮಾತು ಬರುತ್ತದೆ. ಹಾಗೇನಿಲ್ಲ. ಅದಕ್ಕೂ ಮುಂಚೆ ಶಿರಾ, ಪಾವಗಡದ ಕಡಲೆಕಾಯಿ, ಬೇಸಿಗೆಗೆ ಹುಣಿಸೆಹಣ್ಣು, ಮುಂಗಾರಿಗೆ ಗೊಬ್ಬರ. ಪಡಿತರದ ಅಕ್ಕಿಯಂತೂ ತಿಂಗಳು ತಿಂಗಳು. ಕೆಲಸವಿಲ್ಲದ ತಿಂಗಳು ಯಾವುದು?

ಇನ್ನು ಯಾರನ್ನು ಇಡಬೇಕು? ಏಜೆನ್ಸಿ ಕಳಿಸಿದ ಪ್ಯಾಂಟು-ಬೂಟಿನ ಅಪರಿಚಿತ ಹುಡುಗನನ್ನಂತೂ ಅಲ್ಲ. ಇಪ್ಪತ್ತು ವರ್ಷ ಚೀಲ ಹೊತ್ತು ಮಂಡಿ ಸವೆದ ಹಮಾಲಿ ಮೇಸ್ತ್ರಿ, ಸೊಂಟ ಕೈಕೊಟ್ಟು ಸ್ಟೇರಿಂಗು ಬಿಟ್ಟ ಡ್ರೈವರು ಪ್ರತಿ ಊರಲ್ಲೂ ಇದ್ದಾರೆ. ಯಾವ ಲಾರಿ ಎಷ್ಟು ತಿರುವಿಗೆ ಒಳಗೆ ಬರುತ್ತದೆ ಅಂತ ಅವರು ಬೀಡಿ ಸೇದುತ್ತಲೇ ಹೇಳಿಯಾರು. ಬರವಣಿಗೆಗೆ, ಕಂಪ್ಯೂಟರಿಗೆ ಪಕ್ಕದಲ್ಲಿ ಪಿಯುಸಿ ಆದ ಹುಡುಗಿ ಕೂರಲಿ. ಮೂರು ದಿಕ್ಕಿಗೂ ಆಂಧ್ರ ಇರುವ ಪಾವಗಡದಲ್ಲಿ ತೆಲುಗೂ ಬರುವವನು ಬೇಕು, ಇಲ್ಲದಿದ್ದರೆ ಗೇಟಿನಲ್ಲಿ ದಿನವೂ ಜಗಳ.

ಗುತ್ತಿಗೆದಾರನ ಕೈಗೆ ಒಪ್ಪಿಸುವುದೂ ಬೇಡ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ 20 ಜನರಿದ್ದ ಕಡೆಗೆ ಅನ್ವಯವಾಗುತ್ತಿತ್ತು, 2020ರ ಸಂಹಿತೆ ಅದನ್ನು 50ಕ್ಕೆ ಏರಿಸಿತು. ಗೇಟಿನ ಒಬ್ಬಂಟಿಯನ್ನು ಅಲ್ಲಿ ಕೇಳುವವರಾರು? ಗೋದಾಮಿನವರೇ ನೇರ ಸಂಬಳ ಕೊಡಲಿ. ಜೊತೆಗೆ ಬರವಣಿಗೆಯಲ್ಲಿ ಅಧಿಕಾರವನ್ನೂ ಕೊಡಲಿ. ಪುಢಾರಿಯ ಭಾವಮೈದುನನ ಲಾರಿ ಬಂದಾಗಲೂ "ನಿಮ್ದು ಒಂಬತ್ತನೇದು, ನೆರಳಲ್ಲಿ ಕೂತ್ಕೊಳಿ ಯಜಮಾನ್ರೇ" ಅನ್ನುವಷ್ಟು. ಡಿಸೆಂಬರಿನಲ್ಲೇ ಆದೇಶ ಹೊರಟರೆ ಜನವರಿಯ ಮೊದಲ ಲಾರಿಗೆ ಮೊದಲ ಚೀಟಿ ಸಿಕ್ಕೀತು.