ಮಾತು ತಡವಾದ ಮಗುವಿಗೆ ಮನೆಯೇ ಮೊದಲ ಪಾಠಶಾಲೆ

“ಅವರಪ್ಪನೂ ನಾಲ್ಕು ವರ್ಷಕ್ಕೆ ಬಾಯಿ ಬಿಟ್ಟವನು, ಗಂಡುಮಕ್ಕಳಿಗೆ ಮಾತು ತಡ” ಎಂಬ ಸಮಾಧಾನದ ನುಡಿ ಕೇಳಿಬರದ ಮನೆ ನಮ್ಮಲ್ಲಿ ಅಪರೂಪ. ಹಿರಿಯರು ಅದನ್ನು ಪ್ರೀತಿಯಿಂದಲೇ ಆಡುತ್ತಾರೆ. ಆದರೆ ಈ ಸಮಾಧಾನದಲ್ಲಿಯೇ ಮಗುವಿನ ಅಮೂಲ್ಯವಾದ ಒಂದೆರಡು ವರ್ಷಗಳು ಕಳೆದುಹೋಗುತ್ತವೆ. ಮಿದುಳು ಭಾಷೆಯನ್ನು ಅತ್ಯಂತ ಸುಲಭವಾಗಿ ಗ್ರಹಿಸುವ ಕಾಲ ಬಾಲ್ಯದ ಮೊದಲ ಕೆಲವು ವರ್ಷಗಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ವರ್ಷ ತುಂಬುವ ಹೊತ್ತಿಗೆ ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡಬೇಕು. ಅವ್ವ, ಅಪ್ಪ ಎಂಬಂತಹ ಒಂದೆರಡು ಪದಗಳನ್ನು ಅರ್ಥವರಿತು ನುಡಿಯತೊಡಗಬೇಕು. ಎರಡು ವರ್ಷಕ್ಕೆ ಸುಮಾರು 50 ಪದಗಳು ಬಂದು, “ಹಾಲು ಬೇಕು”, “ಅಜ್ಜ ಬಾ” ಎಂದು ಎರಡು ಪದಗಳನ್ನು ಜೋಡಿಸಬೇಕು. ಕೆಲವು ಮಕ್ಕಳು ತುಸು ಹಿಂದುಳಿದರೂ ತಾವಾಗಿಯೇ ಸರಿಹೋಗುವುದು ನಿಜ. ಆದರೆ ಯಾವ ಮಗು ಹಾಗೆ ಸರಿಹೋಗುತ್ತದೆ ಎಂಬುದನ್ನು ಮನೆಯಲ್ಲಿ ಕುಳಿತು ನಿರ್ಧರಿಸಲಾಗದು. 16 ತಿಂಗಳಾದರೂ ಒಂದು ಪದವೂ ಬಾರದಿದ್ದರೆ, ಅಥವಾ ಬಂದ ಮಾತು ನಿಂತುಹೋದರೆ, ತಡಮಾಡದೆ ತಜ್ಞರಿಗೆ ತೋರಿಸಬೇಕು.

ಮೊದಲು ಪರೀಕ್ಷಿಸಬೇಕಾದುದು ಕಿವಿಯನ್ನು. ತಟ್ಟೆ ಬಡಿದಾಗ ಮಗು ತಿರುಗಿತೆಂದು ನೆಮ್ಮದಿಪಡಬಾರದು. ಅರೆಕಿವುಡಿರುವ ಮಗು ದೊಡ್ಡ ಸದ್ದಿಗೆ ತಿರುಗುತ್ತದೆ, ಮಾತಿನ ಸೂಕ್ಷ್ಮ ಧ್ವನಿಗಳು ಮಾತ್ರ ಅದಕ್ಕೆ ಕೇಳಿಸುವುದಿಲ್ಲ. ನವಜಾತ ಶಿಶುವಿಗೆ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಸಂದೇಹವಿದ್ದರೆ ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಇಂದು ಜಗತ್ತಿನಾದ್ಯಂತ ಒಪ್ಪಿರುವ ಕ್ರಮ.

ಆಯುರ್ವೇದ ವೈದ್ಯನಾಗಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳುವುದು ನನ್ನ ಕರ್ತವ್ಯ. ಸುಶ್ರುತ ಸಂಹಿತೆಯು ಮೂಕ, ಮಿನ್ಮಿಣ, ಗದ್ಗದ ಎಂದು ವಾಕ್ ದೋಷಗಳನ್ನು ಬೇರೆಬೇರೆಯಾಗಿ ಗುರುತಿಸಿದೆ. ಎಲ್ಲ ಮಾತಿನ ತೊಂದರೆಗೂ ಒಂದೇ ಔಷಧ ಎಂಬ ಭಾವನೆ ಶಾಸ್ತ್ರಕಾರರಿಗೆ ಇರಲಿಲ್ಲ. ಬಜೆ, ಬ್ರಾಹ್ಮೀ, ಸಾರಸ್ವತಾರಿಷ್ಟಗಳಿಗೆ ವೈದ್ಯರ ಸಲಹೆಯಲ್ಲಿ ಅವುಗಳದೇ ಸ್ಥಾನವಿದೆ. ಆದರೆ ಕೇಳದ ಕಿವಿಯನ್ನು ಯಾವ ಲೇಹ್ಯವೂ ಕೇಳುವಂತೆ ಮಾಡದು. ಯಾರೂ ಮಾತನಾಡಿಸದ ಮಗುವಿಗೆ ಯಾವ ಅರಿಷ್ಟವೂ ಮಾತು ಕಲಿಸದು. ವರ್ಷ ತುಂಬದ ಶಿಶುವಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದಂತೂ ಸಲ್ಲದು. ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ಪ್ರಾಣಕ್ಕೇ ಅಪಾಯ ತರಬಲ್ಲದು.

ಇನ್ನು ವಾಕ್ ಚಿಕಿತ್ಸೆಯ ವಿಚಾರ. ಅನೇಕ ಕಡೆ ಮಗುವನ್ನು ಒಳಗೆ ಕರೆದೊಯ್ದು ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸುವ ಪದ್ಧತಿಯಿದೆ. ಇದು ಬದಲಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಾರಕ್ಕೆ ಎರಡು ಬಾರಿ ಮುಕ್ಕಾಲು ಗಂಟೆಯಂತೆ ಚಿಕಿತ್ಸಕರಿಗೆ ಸಿಗುವುದು ಒಂದೂವರೆ ಗಂಟೆ. ಮಗು ಮನೆಯವರೊಡನೆ ಎಚ್ಚರವಾಗಿ ಕಳೆಯುವುದು ಸುಮಾರು 80 ಗಂಟೆ. ತಾಯಿ ಹತ್ತಿರವಿದ್ದರೆ ಮಗು ಹಟ ಮಾಡುತ್ತದೆ ಎಂದು ಕೆಲವು ಚಿಕಿತ್ಸಕರು ಹೇಳುವುದುಂಟು. ಆ ಹಟ ಕೆಲವು ದಿನಗಳದ್ದು. ತಾಯಿ, ಅಜ್ಜಿ ಕಣ್ಣಾರೆ ಕಂಡು ಕಲಿತ ವಿಧಾನ ಮಗುವಿಗೆ ದಿನವಿಡೀ ಒದಗುತ್ತದೆ.

ಆ ವಿಧಾನಗಳು ಕಠಿಣವಲ್ಲ. ಮಗುವಿನ ಮುಖದ ಮಟ್ಟಕ್ಕೆ ಕುಳಿತು ಮಾತನಾಡಬೇಕು. ಅದು ನೋಡುತ್ತಿರುವ ವಸ್ತುವಿನ ಹೆಸರನ್ನೇ ಹೇಳಬೇಕು. ಮಗು “ಎಮ್ಮೆ” ಎಂದರೆ ನಾವು ಒಂದು ಪದ ಸೇರಿಸಿ “ಎಮ್ಮೆ ಬಂತು” ಎನ್ನಬೇಕು. ಕೇಳುವ ಮೊದಲೇ ಎಲ್ಲವನ್ನೂ ಕೈಗೆ ಕೊಡದೆ “ಹಾಲು ಬೇಕೋ, ನೀರು ಬೇಕೋ?” ಎಂದು ಕೇಳಿ, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಕಾಯಬೇಕು. ಮಗು ಕೈ ತೋರಿಸಿದರೂ ಅದನ್ನು ಉತ್ತರವೆಂದು ಒಪ್ಪಿ, ಪದವನ್ನು ನಾವು ನುಡಿದು ಕೊಡಬೇಕು. “ಹೇಳು, ಹೇಳು” ಎಂದು ಪೀಡಿಸಬಾರದು. “ತಾಗೆ” ಎಂದರೆ ನಗದೆ, ಗದರದೆ, “ಹೌದು, ಕಾಗೆ! ಕಪ್ಪು ಕಾಗೆ” ಎಂದರೆ ಸಾಕು, ಸರಿಯಾದ ರೂಪ ಕಿವಿಗೆ ಬೀಳುತ್ತದೆ. ಸ್ನಾನ, ಊಟ, ಬಟ್ಟೆ ತೊಡಿಸುವ ವೇಳೆಯಲ್ಲಿಯೇ ಇದೆಲ್ಲ ನಡೆಯಬಹುದಾದ್ದರಿಂದ ದುಡಿಯುವ ತಾಯಂದಿರಿಗೂ ಬೇರೆ ಸಮಯ ಬೇಕಿಲ್ಲ.

ಊಟ ಸುಲಭವಾಗಲೆಂದು ಮೊಬೈಲ್ ಹಿಡಿಸುವವರು ನೆನಪಿಡಬೇಕು: ವರ್ಷ ತುಂಬದ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ತಿಳಿಸಿದೆ. ಮೊಬೈಲ್ ಮಾತನಾಡುತ್ತದೆ, ಮಗುವಿನ ಉತ್ತರಕ್ಕಾಗಿ ಕಾಯುವುದಿಲ್ಲ.

ಚಿಕಿತ್ಸಕರಲ್ಲಿ ನನ್ನದೊಂದು ವಿನಂತಿ. ರೊಟ್ಟಿ, ಕೊಟ್ಟಿಗೆ, ಕರುಗಳ ನಡುವೆ ಬೆಳೆಯುವ ಮಗುವಿಗೆ ಇಂಗ್ಲಿಷ್ ಚಿತ್ರಪಟದ ಸೇಬು, ರೈಲುಗಳಿಂದ ಪಾಠ ಆರಂಭಿಸುವುದೇಕೆ? ಮನೆಯಲ್ಲಿ ದಿನವೂ ಕಾಣುವ ವಸ್ತುಗಳನ್ನು ಮನೆಯ ಮಾತಿನಲ್ಲಿಯೇ ಕಲಿಸಬೇಕು. ಶಾಲೆಗೆ ಅನುಕೂಲವೆಂದು, ತಮಗೇ ಸರಾಗವಲ್ಲದ ಇಂಗ್ಲಿಷಿನಲ್ಲಿ ಮಾತನಾಡುವಂತೆ ತಂದೆತಾಯಿಗಳಿಗೆ ಹೇಳುವುದು ಮಗುವಿಗೆ ದೊರೆಯುವ ಮಾತನ್ನೇ ಕಡಿಮೆ ಮಾಡಿದಂತೆ. ಮನೆಯಲ್ಲಿ ಎರಡು ಭಾಷೆಗಳಿರುವುದರಿಂದ ಮಾತು ತಡವಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ.

ಎಲ್ಲಿಗೆ ಹೋಗಬೇಕೆಂದು ಭಕ್ತರು ಕೇಳಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1960ರ ದಶಕದಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಮಾರ್ಗದರ್ಶಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿಗಳಿಗೇ ಬಂದು ಮಕ್ಕಳ ಬೆಳವಣಿಗೆಯನ್ನು ಪರೀಕ್ಷಿಸುತ್ತವೆ. ಅಂಗನವಾಡಿ ಕಾರ್ಯಕರ್ತೆಯರನ್ನೋ ಆಶಾ ಕಾರ್ಯಕರ್ತೆಯರನ್ನೋ ಕೇಳಿದರೆ ದಾರಿ ತೋರಿಸುತ್ತಾರೆ. ಪರೀಕ್ಷೆಯಲ್ಲಿ ಏನೂ ದೋಷವಿಲ್ಲವೆಂದು ತಿಳಿದರೆ ಸಂತೋಷದಿಂದ ಮರಳೋಣ. ದೋಷವಿದ್ದರೆ, ಮುಂದಿನ ಜಾತ್ರೆ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಮುಂದೂಡದೆ, ಈ ತಿಂಗಳಲ್ಲಿಯೇ ಚಿಕಿತ್ಸೆ ಆರಂಭಿಸೋಣ.