ಎಲೆಯ ಹೆಸರಿನ ಗುಳಿಗೆ

ತಿರ್ಲಾಪುರದ ನಮ್ಮ ಮನೆಯಲ್ಲಿ ಹಿರಿಸೊಸೆಯ ಕುಬಸದ ದಿನ. ಆಶಾ ಕಾರ್ಯಕರ್ತೆ ಕೆಂಪು ಗುಳಿಗೆ ತಂದಾಗ ನಾನೇ ಅಡ್ಡ ಬಂದೆ: “ಇವನ್ನ ನುಂಗಿದ್ರ ಕೂಸು ದಪ್ಪ ಆಗಿ ಹೆರಿಗಿ ತ್ರಾಸಾಗತೈತಿ.”

“ಇಲ್ರೀ ಅವ್ವಾರ, ರಕ್ತ ಹೆಚ್ಚತೈತಿ” ಎಂದು ನಕ್ಕಳು.

ಮಕ್ಕಳೇ, ಅದರಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲವೂ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಗಿರಣಿಯಲ್ಲಿ ದುಡಿಯುವ ಬಸುರಿಯರ ರಕ್ತಹೀನತೆಗೆ ಮದ್ದು ಹುಡುಕಿದರು. (ಆಗ ನಮ್ಮ ಧಾರವಾಡವೂ ಮುಂಬಯಿ ಪ್ರಾಂತದ್ದೇ!) ಈಸ್ಟಿನ ಸಾರ ತಿನ್ನಿಸಿದಾಗ ಅವರು ಚೇತರಿಸಿಕೊಂಡರು. 1941ರಲ್ಲಿ ಪಾಲಕ್ ಎಲೆಯಿಂದ ಈ ಸತ್ವವನ್ನು ಬೇರ್ಪಡಿಸಿದವರು, ಲ್ಯಾಟಿನ್ನಿನಲ್ಲಿ ಎಲೆಗಿರುವ ‘ಫೋಲಿಯಂ’ ಎಂಬ ಮಾತಿನಿಂದ ಹೆಸರಿಟ್ಟರು. ನಮ್ಮ ಹೊಲದ ಕಡಲೆ, ಹೆಸರು ಕಾಳಿನಲ್ಲೂ, ರೊಟ್ಟಿಯೊಡನೆ ಹಸಿಯಾಗಿ ತಿನ್ನುವ ಮೆಂತ್ಯ ಸೊಪ್ಪಿನಲ್ಲೂ ಅದುಂಟು. ಕುದಿಸಿದ ನೀರು ಚೆಲ್ಲಿದಿರೋ, ಬಹಳಷ್ಟು ಹೋಯಿತು.

ನನ್ನ ಬಾಯಿ ಕಟ್ಟಿದ್ದು ಬೇರೆ ಮಾತು. ಕೂಸಿನ ಮಿದುಳು, ಬೆನ್ನುಹುರಿಯಾಗುವ ನಾಳ ಗರ್ಭ ನಿಂತ 28 ದಿನದೊಳಗೇ ಮುಚ್ಚಿಕೊಳ್ಳಬೇಕು. ಫೋಲಿಕ್ ಆಮ್ಲ ಸಾಲದಿದ್ದರೆ ಅದು ತೆರೆದೇ ಉಳಿಯುವ ಅಪಾಯ ಹೆಚ್ಚು. ಅಷ್ಟರಲ್ಲಿ ಎಷ್ಟೋ ತಾಯಂದಿರಿಗೆ ಬಸಿರೇ ಗೊತ್ತಾಗಿರುವುದಿಲ್ಲ. ನಾವು ಕುಬಸ ಮಾಡಿದ್ದು ಐದು ತಿಂಗಳಿಗೆ! ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ ಗುಳಿಗೆ ಬಸಿರಿಗೆ ಮುಂಚೆಯೇ ಶುರುವಾಗಬೇಕಂತೆ.

ಈ ಬೇಸಿಗೆಗೆ ಕಿರಿಮಗನ ಮದುವೆ. ಬರುವ ಸೊಸೆಗೆ ಆ ಗುಳಿಗೆ ಎಲ್ಲಿ ಸಿಗುತ್ತದೆಂದು ಮೊನ್ನೆ ನಾನೇ ಕೇಳಿಬಂದೆ.