ನದಿಗೊಬ್ಬ ಪಾರುಪತ್ತೆಗಾರ ಬೇಡವೇ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಅರಿಯದವರಿಲ್ಲ. ಈ ಎರಡೂ ಕಾರ್ಯಗಳಿಗೆ ಒಂದು ಆರಂಭವಿದೆ, ಒಂದು ಮುಕ್ತಾಯವಿದೆ. ಹಣಕ್ಕೆ ಮಿತಿಯಿದೆ, ದಿನಕ್ಕೆ ಗಡುವಿದೆ. ಹತ್ತಾರು ಕೈಗಳು ಕೂಡದೆ ಎರಡೂ ನಡೆಯವು. ಇಂದಿನ ಆಡಳಿತದ ಭಾಷೆಯಲ್ಲಿ ಇಂಥ ಕಾರ್ಯಕ್ಕೆ ಪ್ರಾಜೆಕ್ಟ್ ಎಂದು ಹೆಸರು. ಅದನ್ನು ತೊಡಗಿಸಿ, ನಡೆಸಿ, ಮುಗಿಸಿಕೊಡುವ ಹೊಣೆ ಹೊತ್ತವರು ಪ್ರಾಜೆಕ್ಟ್ ಮ್ಯಾನೇಜರ್, ಅಂದರೆ ಯೋಜನಾ ವ್ಯವಸ್ಥಾಪಕರು. ಹಿಂದೆ ದೇವಸ್ಥಾನದ ಉತ್ಸವವನ್ನು ಸಾಂಗವಾಗಿ ನಡೆಸಿಕೊಡುತ್ತಿದ್ದ ಪಾರುಪತ್ತೆಗಾರನ ಕೆಲಸವೂ ಹೆಚ್ಚು ಕಡಿಮೆ ಇದೇ ಆಗಿತ್ತು.

ಮಲೆನಾಡಿನ ಎಷ್ಟೋ ತರುಣ ತರುಣಿಯರು ಪದವಿ ಮುಗಿಸಿ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಬಾಡಿಗೆ ಕೋಣೆಗಳಲ್ಲಿ ನೆಲೆಸುತ್ತಿದ್ದಾರೆ. ಅವರಲ್ಲಿ ಹಲವರ ಗುರಿ ಈ ಹುದ್ದೆ. ಆದರೆ ಈ ಹುದ್ದೆಯವರು ಮಾಡುವುದೇನು ಎಂದು ಊರಿನ ಹಿರಿಯರು ಕೇಳಿದರೆ ಉತ್ತರ ಸುಲಭವಾಗಿ ಬರುವುದಿಲ್ಲ. ಅವರು ನಕ್ಷೆ ಬರೆಯುವುದಿಲ್ಲ, ಗಾರೆ ಕಲಸುವುದಿಲ್ಲ, ಖಜಾನೆಯೂ ಅವರದಲ್ಲ. ಹಾಗಿದ್ದೂ ಕೆಲಸ ಕೆಟ್ಟರೆ ಮೊದಲ ಪ್ರಶ್ನೆ ಅವರಿಗೇ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡಲು ಒಬ್ಬರು ಇರುವುದೇ ಈ ಹುದ್ದೆಯ ತಿರುಳು.

ಇದನ್ನು ತಿಳಿಯಲು ಅಡಿಕೆ ತೋಟಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಮಲೆನಾಡಿಗೆ ಪರಿಚಯಿಸಿದರು. ಶೇಕಡ ಒಂದರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಲೆಕ್ಕ ಇಷ್ಟೇ. ಆದರೆ ಮುಂಗಾರು ಹಿಡಿಯುವ ಮುನ್ನ ಮೊದಲ ಸಿಂಪರಣೆ ಮುಗಿಯಬೇಕು, 40-45 ದಿನಗಳ ನಂತರ ಮಳೆಯ ಬಿಡುವು ನೋಡಿ ಎರಡನೆಯದಾಗಬೇಕು. ಮೈಲುತುತ್ತವನ್ನು ಮೊದಲೇ ತಂದಿಡಬಹುದು, ಪಂಪನ್ನು ಮೊದಲೇ ದುರಸ್ತಿ ಮಾಡಿಸಬಹುದು. ಮರವೇರುವ ಕೊನೆಗೌಡ ಮಾತ್ರ ಊರಿಗೆ ಒಬ್ಬನೋ ಇಬ್ಬರೋ. ಅವನ ದಿನ ತಪ್ಪಿದರೆ ಉಳಿದ ಸಿದ್ಧತೆಗಳೆಲ್ಲ ಅಂಗಳದಲ್ಲೇ ಉಳಿಯುತ್ತವೆ. ಬಲ್ಲ ಬೆಳೆಗಾರ ಏಪ್ರಿಲ್ ತಿಂಗಳಿನಲ್ಲಿಯೇ ಅವನ ದಿನವನ್ನು ನಿಗದಿ ಮಾಡಿಕೊಂಡು, ಆಮೇಲೆ ಮಿಕ್ಕ ಕೆಲಸಗಳನ್ನು ಅದರ ಹಿಂದು ಮುಂದಿಗೆ ಹೊಂದಿಸುತ್ತಾನೆ.

1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಕಾರ್ಖಾನೆಗಳಲ್ಲಿಯೂ, ಅಲ್ಲಿನ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಲ್ಲಿಯೂ ಇದೇ ವಿವೇಕವನ್ನು ಗಣಿತಕ್ಕೆ ಅಳವಡಿಸಲಾಯಿತು. ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ಕೆಲಸಗಳಾಗಿ ಒಡೆಯುವುದು, ಯಾವುದು ಮುಗಿದ ಮೇಲೆ ಯಾವುದು ಆರಂಭವಾಗಬೇಕೆಂದು ಗುರುತಿಸುವುದು, ಒಂದು ದಿನ ತಡವಾದರೂ ಇಡೀ ಯೋಜನೆಯನ್ನೇ ಒಂದು ದಿನ ಹಿಂದೂಡುವಂಥ ಕೆಲಸಗಳ ಸರಪಳಿಯನ್ನು ಹುಡುಕಿ ಅದನ್ನು ಕಾಯುವುದು. ಈ ಸರಪಳಿಗೆ ಕ್ರಿಟಿಕಲ್ ಪಾತ್ ಎನ್ನುತ್ತಾರೆ. ಇಂದು ಕಂಪ್ಯೂಟರಿನಲ್ಲಿ ಬಣ್ಣದ ಪಟ್ಟಿಗಳಾಗಿ ಕಾಣುವ ಈ ವಿದ್ಯೆಯ ಬೇರು ಕೊನೆಗೌಡನ ದಿನವನ್ನು ಕಾದಿರಿಸುವ ಬೆಳೆಗಾರನ ಎಚ್ಚರದಲ್ಲಿದೆ.

ಈ ಎಚ್ಚರ ನಗರದಲ್ಲಿ ಯಾವ ರೂಪ ತಾಳುತ್ತದೆಂದು ನೋಡಲು ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಹೋಗಬೇಕು. ಮೆಟ್ರೋ ಹಸಿರು ಮಾರ್ಗದಲ್ಲಿ 2014ರ ಮಾರ್ಚ್ 1ರಿಂದ ರಾಜಾಜಿನಗರದ ಮೂಲಕ ರೈಲು ಓಡುತ್ತಿದೆ. ನೇರಳೆ ಮಾರ್ಗದಲ್ಲಿ 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ವಿಜಯನಗರ, ಅತ್ತಿಗುಪ್ಪೆಗಳನ್ನು ಹಾದು ಮೈಸೂರು ರಸ್ತೆಯವರೆಗೆ ರೈಲು ಬಂತು. ಅಲ್ಲಿಂದ ಕೆಂಗೇರಿಯವರೆಗಿನ ಸುಮಾರು 7.5 ಕಿಲೋಮೀಟರ್, ಆರು ನಿಲ್ದಾಣಗಳ ಮಾರ್ಗ 2021ರ ಆಗಸ್ಟ್ ಕೊನೆಯಲ್ಲಿ ತೆರೆಯಿತು. 2023ರ ಅಕ್ಟೋಬರ್ 9ರಂದು ರೈಲು ಚಲ್ಲಘಟ್ಟವನ್ನು ಮುಟ್ಟಿತು.

ಕಂಬದ ಮೇಲೆ ತೊಲೆ ಇಟ್ಟು ಹಳಿ ಹಾಸುವುದಷ್ಟೇ ಪ್ರಯಾಣಿಕನಿಗೆ ಕಾಣುವ ಕೆಲಸ. ವ್ಯವಸ್ಥಾಪಕನ ಕೆಲಸ ಅದಕ್ಕಿಂತ ವರ್ಷಗಳ ಮುನ್ನವೇ ಆರಂಭವಾಗಿರುತ್ತದೆ. ಭೂಸ್ವಾಧೀನ, ಪರಿಹಾರ, ಮಣ್ಣಿನ ಪರೀಕ್ಷೆ. ನೆಲದಡಿಯ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಮತ್ತು ದೂರವಾಣಿ ತಂತಿಗಳನ್ನು ಬೇರೆಡೆಗೆ ಸರಿಸುವುದು. ಸಂಚಾರ ಪೊಲೀಸರೊಡನೆ ಮಾತಾಡಿ ರಾತ್ರಿಯ ಹೊತ್ತು ರಸ್ತೆಯನ್ನು ಬಿಡಿಸಿಕೊಳ್ಳುವುದು. ಗುತ್ತಿಗೆದಾರನ ಬಿಲ್ಲನ್ನು ಅಳತೆಯೊಡನೆ ತಾಳೆ ನೋಡುವುದು. ಕೊನೆಗೆ ಸುರಕ್ಷತಾ ಆಯುಕ್ತರು ಬಂದು ಪರಿಶೀಲಿಸಿ ಒಪ್ಪಿದ ಮೇಲೆಯೇ ಜನರನ್ನು ಹತ್ತಿಸಿಕೊಳ್ಳಬಹುದು. 2020ರ ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರು ಊರುಗಳಿಗೆ ಮರಳಿದಾಗ ನಗರದ ಕಾಮಗಾರಿಗಳೆಲ್ಲ ಕುಂಟಿದವು. ಅಂಥ ದಿನ ಗಡುವನ್ನು ಹೊಸದಾಗಿ ಬರೆದು, ಕಾರಣವನ್ನು ಮೇಲಿನವರಿಗೂ ಜನರಿಗೂ ತಿಳಿಸುವುದು ಕೂಡ ಅವರದೇ ಕೆಲಸ.

ಮೆಟ್ರೋ ಕಾರ್ಯ ಕಳಂಕರಹಿತವೆಂದು ಇದರ ಅರ್ಥವಲ್ಲ. 2006ರ ಜೂನ್ 24ರಂದು ಶಂಕುಸ್ಥಾಪನೆಯಾದ ಮೊದಲ ಹಂತ ಪೂರ್ಣಗೊಂಡದ್ದು 2017ರ ಜೂನಿನಲ್ಲಿ. ಮಾರ್ಗ 33 ಕಿಲೋಮೀಟರಿನಿಂದ 42.3 ಕಿಲೋಮೀಟರಿಗೆ ಬೆಳೆಯಿತು ನಿಜ. ವೆಚ್ಚ ಮಾತ್ರ 6,395 ಕೋಟಿ ರೂಪಾಯಿಯ ಅಂದಾಜಿನಿಂದ 13,800 ಕೋಟಿಯನ್ನು ದಾಟಿತು. ದಾರಿಯಲ್ಲಿ ಮರಗಳು ಉರುಳಿದವು. ಆದರೂ ಈ ಪ್ರತಿಯೊಂದು ತಪ್ಪಿಗೂ ಉತ್ತರ ಕೇಳಲು ಒಂದು ವಿಳಾಸವಿದೆ. ಒಂದು ನಿಗಮ, ಒಂದೊಂದು ಭಾಗಕ್ಕೂ ಒಬ್ಬ ಹೊಣೆಗಾರ, ಒಂದು ಘೋಷಿತ ದಿನಾಂಕ. ದಿನಾಂಕ ತಪ್ಪಿದರೆ ಪತ್ರಿಕೆಗಳು ಕೇಳುತ್ತವೆ, ಶಾಸನಸಭೆ ಕೇಳುತ್ತದೆ.

ಇದೇ ಮೈಸೂರು ರಸ್ತೆಯ ಮಗ್ಗುಲಲ್ಲಿ ಇನ್ನೊಂದು ಹರಿವಿದೆ. ಅದರ ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಜನ ನಂಬಿದ, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕಡೆಯ ತೊರೆಗಳನ್ನೆಲ್ಲ ಕೂಡಿಸಿಕೊಂಡು ಗಾಳಿ ಆಂಜನೇಯನ ಗುಡಿಯ ಬಳಿ ಸಾಗಿ, ಕೆಂಗೇರಿ, ಬಿಡದಿಗಳ ಮೂಲಕ ಬೈರಮಂಗಲ ಕೆರೆಗೆ ಇಳಿದು, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯೊಡನೆ ಬೆರೆಯುವ ನದಿ. ಇಂದು ಬಸ್ಸಿನ ಕಿಟಕಿಯಿಂದ ಅದನ್ನು ಕಂಡವರು ಮೂಗು ಮುಚ್ಚಿಕೊಂಡು 'ಕೆಂಗೇರಿ ಮೋರಿ' ಎನ್ನುತ್ತಾರೆ. ಕೆಳಗಿನ ಬೈರಮಂಗಲದಲ್ಲಿ ಭತ್ತ ಬೆಳೆಯುತ್ತಿದ್ದ ಗದ್ದೆಗಳು ಮೇವಿನ ಹುಲ್ಲಿಗೆ, ಬೇಬಿ ಕಾರ್ನಿಗೆ, ಹಿಪ್ಪುನೇರಳೆಗೆ ತಿರುಗಿವೆ. ಆ ನೀರಿಗೆ ಒಗ್ಗುವ ಬೆಳೆಯನ್ನು ರೈತರೇ ಹುಡುಕಿಕೊಳ್ಳಬೇಕಾಯಿತು.

ಈ ನದಿಗೆ ಹಣ ಬಂದಿಲ್ಲವೆಂದಲ್ಲ. ಸಂಸ್ಕರಣಾ ಘಟಕಗಳಿವೆ, ತಡೆಗೋಡೆಗಳಿವೆ, ಹೈಕೋರ್ಟಿನ ಸೂಚನೆಯಂತೆ ನಾಗಪುರದ ನೀರಿ ಸಂಸ್ಥೆಯ ತಜ್ಞರೂ ನೋಡಿ ಹೋಗಿದ್ದಾರೆ. ಆದರೆ ಕೊಳಚೆ ಜಲಮಂಡಳಿಯ ಬಾಬತ್ತು. ರಾಜಕಾಲುವೆ ಪಾಲಿಕೆಯದು, 2025ರ ನಂತರ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯ ಐದು ಪಾಲಿಕೆಗಳದು. ಪೀಣ್ಯದ ಕಾರ್ಖಾನೆಗಳ ತ್ಯಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಒತ್ತುವರಿ ಕಂದಾಯ ಇಲಾಖೆಯದು. ಕೆಳಗಿನ ಕೆರೆ ನೀರಾವರಿಯವರದು. ಪ್ರತಿಯೊಬ್ಬರೂ ತಮ್ಮ ತುಂಡು ಕೆಲಸ ಮುಗಿಯಿತೆಂದು ವರದಿ ಬರೆಯಬಲ್ಲರು, ಅದು ಸುಳ್ಳೂ ಆಗಿರಲಾರದು. ಆದರೆ ನದಿ ತುಂಡುಗಳಲ್ಲಿ ಹರಿಯುವುದಿಲ್ಲ. ಇಂಥ ವರ್ಷ ಇಂಥ ದಿನ ಕೆಂಗೇರಿಯ ಸೇತುವೆಯ ಕೆಳಗೆ ನೀರು ಇಷ್ಟು ಶುದ್ಧವಾಗಿರುತ್ತದೆ ಎಂದು ಬರೆದುಕೊಟ್ಟು, ತಪ್ಪಿದರೆ ಉತ್ತರ ಕೊಡಬೇಕಾದ ಒಬ್ಬ ವ್ಯಕ್ತಿಯನ್ನು ತೋರಿಸುವುದು ಕಷ್ಟ. ಒಂದೇ ರಸ್ತೆಯಲ್ಲಿ ರೈಲಿಗೆ ಇರುವ ಪಾರುಪತ್ತೆಗಾರ ನದಿಗೆ ಇಲ್ಲ.

ದೂರದ ಮೋರಿಯ ಗೊಡವೆ ಮಲೆನಾಡಿಗೇಕೆ ಎಂದು ಕೇಳುವವರಿರಬಹುದು. ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಕೂಡಿಸಿತು. ಮನೆಗೆ ಬಂದ ನೀರಿನ ಸುಮಾರು ಶೇಕಡ 80 ಭಾಗ ಕೊಳಚೆಯಾಗಿ ಹೊರಬರುತ್ತದೆಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಅದರಂತೆ ಈ ಒಂದು ಹಂತದಿಂದಲೇ ದಿನಕ್ಕೆ 62 ಕೋಟಿ ಲೀಟರ್ ಕೊಳಚೆ. ಅದನ್ನು ಚೆನ್ನಾಗಿ ಶುದ್ಧಗೊಳಿಸಿ ಮರುಬಳಸಿದರೆ ಅದೇ ಒಂದು ನದಿಯಷ್ಟು ಸಂಪತ್ತು. ಬಿಟ್ಟರೆ ನಗರದ ಕಣ್ಣು ಮತ್ತೆ ಘಟ್ಟದ ಕಡೆ ತಿರುಗುತ್ತದೆ. 2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದ್ದು ಎಲ್ಲರ ನೆನಪಿನಲ್ಲಿದೆ. ಕೆಂಗೇರಿಯಲ್ಲಿ ಹೊಣೆಗಾರನಿಲ್ಲದ ಪ್ರತಿ ಲೀಟರ್ ನೀರೂ ಮಲೆನಾಡಿನ ಹೊಳೆಯ ಮೇಲೆ ಬರೆದ ಸಾಲವೇ ಸರಿ.

ಹೊಣೆಗಾರನಿದ್ದರಷ್ಟೇ ಸಾಲದು, ಅವನಿಗೆ ತಕ್ಕ ಗುಣಗಳೂ ಬೇಕು. ಅವುಗಳಲ್ಲಿ ಮೊದಲನೆಯದು ಯೋಜನೆಯ ಗಡಿಯನ್ನು ಸರಿಯಾಗಿ ಎಳೆಯುವ ವಿವೇಕ. ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರ ಜೂನಿನಲ್ಲಿ ನೀರು ಲಕ್ಷ್ಮೀಸಾಗರ ಕೆರೆಯನ್ನು ಮುಟ್ಟಿತು. ಮರು ತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡು ವಿಷಯ ನ್ಯಾಯಾಲಯಕ್ಕೆ ಹೋಯಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ರೈತರು ಕೇಳಿದ್ದು ಗಡಿಯ ಪ್ರಶ್ನೆಯನ್ನೇ. ಯೋಜನೆ ಕೊಳವೆಯ ತುದಿಯಲ್ಲಿ ಮುಗಿಯುತ್ತದೆಯೋ, ಕೆರೆಯ ಮಗ್ಗುಲಿನ ಬಾವಿಯಲ್ಲಿ ಮುಗಿಯುತ್ತದೆಯೋ?

ಎರಡನೆಯದು ಅಂದಾಜಿನ ಪ್ರಾಮಾಣಿಕತೆ. ಎತ್ತಿನಹೊಳೆ ಯೋಜನೆಯ ವೆಚ್ಚ 2014ರಲ್ಲಿ 12,912 ಕೋಟಿ ರೂಪಾಯಿ ಎಂದಿದ್ದದ್ದು 2023ರಲ್ಲಿ 23,251 ಕೋಟಿಗೆ ಏರಿತು. ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಯೋಜನೆ ನಿಂತಿರುವುದು 24.01 ಟಿಎಂಸಿ ನೀರಿನ ಲೆಕ್ಕದ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಅಲ್ಲಿನ ಇಳುವರಿಯನ್ನು 9.55 ಟಿಎಂಸಿ ಎಂದಿತ್ತು. ಇಂಥ ಅಂತರ ಕಂಡ ದಿನವೇ ಕೆಲಸ ನಿಲ್ಲಿಸಿ ಮರು ಅಳತೆ ಕೇಳುವ ಧೈರ್ಯ ವ್ಯವಸ್ಥಾಪಕನಿಗೆ ಇರಬೇಕು. ಮೇಲಿನವರಿಗೆ ಹಿತವಾದದ್ದನ್ನೇ ಹೇಳುವವನು ಗುಮಾಸ್ತನಾಗಬಲ್ಲ, ವ್ಯವಸ್ಥಾಪಕನಾಗಲಾರ.

ಮೂರನೆಯದು ಕೇಳುವ ಕಿವಿ, ನಾಲ್ಕನೆಯದು ಒಪ್ಪಿಸಿ ಹೋಗುವ ಕಲೆ. ಈ ಎರಡಕ್ಕೂ ಕರ್ನಾಟಕದಲ್ಲಿಯೇ ಪಾಠವಿದೆ. 2000ರ ದಶಕದಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ಬದು, ತಡೆಯೊಡ್ಡುಗಳ ಸ್ಥಳವನ್ನು ಊರಿನ ಗುಂಪುಗಳೊಡನೆ ಕೂತು ಗುರುತಿಸಲಾಯಿತು, ವೆಚ್ಚದ ಒಂದು ಪಾಲನ್ನು ರೈತರೂ ಹೊತ್ತರು, ಕೆಲಸದ ಫಲವನ್ನು ಉಪಗ್ರಹ ಚಿತ್ರಗಳಿಂದ ಅಳೆಯಲಾಯಿತು. ನೀರು ಎಲ್ಲಿ ನಿಲ್ಲುತ್ತದೆಂದು ನಕ್ಷೆಗಿಂತ ಮೊದಲು ಗದ್ದೆಯವನಿಗೆ ಗೊತ್ತಿರುತ್ತದೆ. ಆದರೆ ಯಾವ ಯೋಜನೆಗೂ ಒಂದು ಕೊನೆಯ ದಿನವಿದೆ, ಹಳ್ಳದ ಹೂಳಿಗೆ ಕೊನೆಯ ದಿನವಿಲ್ಲ. ಕಟ್ಟಿದ ಒಡ್ಡನ್ನು ಮರುವರ್ಷ ಯಾರು ನೋಡಿಕೊಳ್ಳಬೇಕು, ಅದಕ್ಕೆ ಹಣ ಎಲ್ಲಿಂದ ಎಂದು ಮೊದಲ ದಿನವೇ ಬರೆದಿಟ್ಟವನ ಕೆಲಸ ಮಾತ್ರ ಅವನು ಹೋದ ಮೇಲೂ ಉಳಿಯುತ್ತದೆ.

ಆದ್ದರಿಂದ ಗ್ರಾಮಸಭೆಗೆ ಯಾವುದೇ ಯೋಜನೆಯ ಕಡತ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಹಳ್ಳಿಗರ ಹಕ್ಕು. ಇದರ ಗಡಿ ಎಲ್ಲಿದೆ? ಅಂದಾಜನ್ನು ಯಾರು, ಯಾವ ಅಳತೆಯಿಂದ ಮಾಡಿದರು? ಇಲ್ಲಿನವರನ್ನು ಕೇಳಿದ್ದು ನಕ್ಷೆ ಬರೆಯುವ ಮುನ್ನವೋ ಅನಂತರವೋ? ಮುಗಿದ ಮೇಲೆ ಇದು ಯಾರ ಕೈಗೆ? ನಾಲ್ಕಕ್ಕೂ ಒಬ್ಬರೇ ನಿಂತು ಉತ್ತರ ಕೊಡಬೇಕು. ಉತ್ತರಕ್ಕಾಗಿ ನಾಲ್ಕು ಕಚೇರಿಗಳಿಗೆ ಕಳುಹಿಸಿದರೆ ಆ ಯೋಜನೆಗೆ ಪಾರುಪತ್ತೆಗಾರನಿಲ್ಲವೆಂದೇ ತಿಳಿಯಬೇಕು.

ನಗರದಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ಈ ವಿದ್ಯೆಯನ್ನು ಕಲಿಯಲಿ, ಚೆನ್ನಾಗಿ ಕಲಿಯಲಿ. ಸಾಫ್ಟ್‌ವೇರ್ ಕಚೇರಿಗಳಲ್ಲಿ ಅದಕ್ಕೆ ಬೆಲೆಯಿದೆ. ಆದರೆ ಕೆಂಗೇರಿಯ ಆ ಕಪ್ಪು ನೀರೂ ಬಹಳ ಕಾಲದಿಂದ ಒಬ್ಬ ಸಮರ್ಥ ವ್ಯವಸ್ಥಾಪಕನ ದಾರಿ ಕಾಯುತ್ತಿದೆ. ಊರಿನ ತೋಡಿನ ಹೂಳನ್ನು ಯಾರ ಪಾಳಿಯಲ್ಲಿ ಎತ್ತಬೇಕೆಂದು ಅರಿತು ಬೆಳೆದ ಮಕ್ಕಳಲ್ಲಿ ಒಬ್ಬರಾದರೂ ಆ ಕೆಲಸವನ್ನು ಕೇಳಿ ಪಡೆಯುವಂತಾಗಲಿ.